ಕೆಳಗಿನ ಡ್ರಾಯರಿನ ಅರ್ಜಿಗಳು

ನಸ್ರ್ ಸಿಟಿ, ಕೈರೋ
20 ಜುಲೈ 1999

ಪ್ರೀತಿಯ ರುಕಯ್ಯ,

ಇದನ್ನು ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ನನ್ನ ಅಡುಗೆಮನೆ. ಇದನ್ನು ಹತ್ತು ಸಲ ಬರೆದರೂ ನನಗೆ ತೃಪ್ತಿಯಿಲ್ಲ: ನನ್ನ ಅಡುಗೆಮನೆ, ನನ್ನ ಪರದೆ, ನನ್ನ ಗಂಡ. ಮದುವೆಯಾಗಿ ಇವತ್ತಿಗೆ ಇಪ್ಪತ್ತಾರು ದಿನ. ನಿನ್ನೆ ಮ್ಯಾಕರೋನಿ ಬೆಶಮೆಲ್ ಮಾಡಿದೆ, ತಳ ಹತ್ತಿ ಕರಕಲಾಯಿತು. ಮುರಾದ್ ಎರಡು ತಟ್ಟೆ ತಿಂದು, “ಈ ಕರೀ ಪದರಕ್ಕೆ ಏನ್ ಹಾಕಿದ್ದೆ? ಅದೇ ಚೆನ್ನಾಗಿತ್ತು” ಅಂದ. ಇಂಥವನನ್ನು ಹೆತ್ತ ತಾಯಿಗೆ ಏನು ಕೊಟ್ಟರೂ ಕಡಿಮೆ, ಅವರು ದಿನಾ ಬೆಳಿಗ್ಗೆ ಏಳು ಗಂಟೆಗೆ ಫೋನ್ ಮಾಡಿದರೂ ಸರಿಯೇ.

ನನ್ನ ಅರಬ್ಬಿ ಬರವಣಿಗೆ ನೋಡಿ ನಗಬೇಡ. ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಅರಬ್ಬಿ ಪಾಠದ ಹೊತ್ತಿಗೆ ನಾವೆಲ್ಲ ನಿದ್ದೆ ಮಾಡುತ್ತಿದ್ದದ್ದು ನಿನಗೆ ಗೊತ್ತಲ್ಲ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಕೆನಾಗೆ ಟ್ರಂಕ್ ಲೈನ್ ಸಿಗುವಷ್ಟರಲ್ಲಿ ಹೇಳಬೇಕಾದ್ದೆಲ್ಲ ಮರೆತುಹೋಗುತ್ತದೆ, ಮೇಲಾಗಿ ನಿನ್ನಮ್ಮ, ನನ್ನ ದೊಡ್ಡಮ್ಮ, ನಿನ್ನ ಪಕ್ಕದಲ್ಲೇ ನಿಂತು ಕೇಳುತ್ತಿರುತ್ತಾರೆ.

ಮದುವೆಗೆ ಹದಿಮೂರು ಗಂಟೆ ರೈಲಿನಲ್ಲಿ ಬಂದವಳು ಮರುದಿನವೇ ಹೊರಟುಹೋದೆಯಲ್ಲ, ನನಗೆ ಇನ್ನೂ ಸಿಟ್ಟಿದೆ. ಆದರೆ ಸಿಟ್ಟು ಆಮೇಲೆ. ಈಗ ಮುಖ್ಯ ವಿಷಯ. ಮೊನ್ನೆ ಕೆಲಸಕ್ಕೆ ವಾಪಸಾದೆ. ನಮ್ಮ ಹಾಲು-ಜ್ಯೂಸ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ರಸಾಯನ ಓದಿದವರಿಗೆ ಎರಡು ಜಾಗ ಖಾಲಿ ಇವೆ. ರುಕಯ್ಯ, ನೀನು ರಸಾಯನಶಾಸ್ತ್ರದಲ್ಲಿ ನಿಮ್ಮ ಬ್ಯಾಚಿಗೇ ಮೊದಲು. ಎರಡು ವರ್ಷದಿಂದ ಮನೆಯಲ್ಲಿ ಕೂತು ಪಕ್ಕದ ಮನೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದೀಯ. ಒಂದು ಅರ್ಜಿ ಹಾಕಬಾರದೇ?

ಅರ್ಜಿ ಆರಿಸುವ ಕೆಲಸ ನನ್ನದೇ. ಉಸ್ತಾಜ್ ಫಿಕ್ರಿ, ನಮ್ಮ ಸಿಬ್ಬಂದಿ ವಿಭಾಗದ ಮುಖ್ಯಸ್ಥರು, ನನ್ನ ವೇಗ ನೋಡಿ ಬೆರಗಾಗಿದ್ದಾರೆ. ಬೆಳಗಿನ ಚಹಾ ಬರುವುದರೊಳಗೆ ನಲವತ್ತು ಲಕೋಟೆ ಮುಗಿಸುತ್ತೇನೆ. ಒಂದೇ ಸಾಲು ನೋಡಿದರೆ ಸಾಕು, ಮೇಲಿನ ಡ್ರಾಯರೋ ಕೆಳಗಿನ ಡ್ರಾಯರೋ ಗೊತ್ತಾಗಿಬಿಡುತ್ತದೆ. ನನ್ನನ್ನೂ ಅವರು ಹಾಗೇ ತೆಗೆದುಕೊಂಡದ್ದು. ಹತ್ತು ನಿಮಿಷ ಮಾತು. ಯಾವ ವಿಶ್ವವಿದ್ಯಾಲಯ ಎಂದು ಕೇಳಿದರು, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದರು, ಮುಗಿಯಿತು.

ಬೇಗ ಬರೆ. ನಿನ್ನನ್ನು ತುಂಬ ನೆನೆಯುವ,
ನಿವೀನ್

~

ಕೆನಾ
18 ಆಗಸ್ಟ್ 1999

ಪ್ರಿಯ ನಿವೀನ್,

ನೀನು ಸುಖವಾಗಿದ್ದೀಯ ಎಂದು ತಿಳಿದು ಎಲ್ಲರಿಗೂ ಸಂತೋಷವಾಯಿತು. ಅಮ್ಮ ಒಣಗಿಸಿದ ಬೆಂಡೆಕಾಯಿ ಕಟ್ಟಿಟ್ಟಿದ್ದಾಳೆ, ಯಾರಾದರೂ ಕೈರೋಗೆ ಬಂದರೆ ಕಳಿಸುತ್ತೇವೆ. ಅಪ್ಪ ಆಸ್ಯೂತ್‌ನಿಂದ ಪರೀಕ್ಷಾ ಕೆಲಸ ಮುಗಿಸಿ ಬಂದಿದ್ದಾರೆ. ಉತ್ತರಪತ್ರಿಕೆಗಳ ಮೂಲೆ ಮಡಚಿ ಮಡಚಿ ಬೆರಳಿಗೆ ಅಂಟು ಹತ್ತಿದೆ ಎಂದು ಮಾಮೂಲಿನಂತೆ ಗೊಣಗುತ್ತಿದ್ದಾರೆ.

ಇಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ನನಗೆ ಒಂದು ಕೆಲಸ ಗೊತ್ತಾಗಿದೆ. ಬೆರಳಚ್ಚು. ಅಪ್ಪನ ಶಿಷ್ಯನೊಬ್ಬ ಹೇಳಿ ಮಾಡಿಸಿದ್ದು. ಸೆಪ್ಟೆಂಬರ್ ಮೂವತ್ತರೊಳಗೆ ಬರುತ್ತೇನೋ ಇಲ್ಲವೋ ತಿಳಿಸಬೇಕು. ಒಮ್ಮೆ ಸೇರಿದರೆ ಅಲ್ಲೇ ಅರವತ್ತು ವರ್ಷದವರೆಗೆ.

ನಿನ್ನ ಕೆಲಸದ ಬಗ್ಗೆ ಎರಡು ಪ್ರಶ್ನೆ. ನೀನು ನೋಡುವ ಆ ಒಂದು ಸಾಲು ಯಾವುದು? ಕೆಳಗಿನ ಡ್ರಾಯರಿನ ಲಕೋಟೆಗಳನ್ನು ಆಮೇಲೆ ಯಾರು ನೋಡುತ್ತಾರೆ?

ಮುರಾದ್‌ಗೆ ಸಲಾಂ ಹೇಳು.

ರುಕಯ್ಯ

~

ನಸ್ರ್ ಸಿಟಿ
26 ಆಗಸ್ಟ್ 1999

ನನ್ನ ರುಕಯ್ಯ,

ಒಂದು ತಿಂಗಳು ಕಾಯಿಸಿ ಅರ್ಧ ಪುಟದ ಪತ್ರ. ನಾನೇನು ದಡ್ಡಿಯೇ? ನಿನಗೆ ಬೇಸರವಾಗಿದೆ, ಯಾಕೆಂದೂ ಗೊತ್ತು. ನಾವಿಬ್ಬರೂ ಒಂದೇ ತಿಂಗಳು ಹುಟ್ಟಿದವರು, ನನಗೆ ಮದುವೆಯಾಯಿತು, ನಿನಗೆ ಆಗಿಲ್ಲ, ನಾನೋ ಪತ್ರದ ತುಂಬ ಗಂಡ ಗಂಡ ಎಂದು ಬರೆದಿದ್ದೇನೆ. ಇನ್ನು ಬರೆಯುವುದಿಲ್ಲ. (ಅವನು ನಿನ್ನೆ ನನಗಾಗಿ ಮಾವಿನಹಣ್ಣು ತಂದ, ಪೆಟ್ಟಿಗೆಗಟ್ಟಲೆ. ಇದೇ ಕೊನೆ.) ನಿನಗೂ ಒಳ್ಳೆಯವನು ಸಿಗುತ್ತಾನೆ, ನೋಡುತ್ತಿರು.

ನಮ್ಮ ಮನೆಯ ಗಾಜಿನ ಬೀರು ಬಂತು. ಎಲ್ಲ ಹೊಸ ಮದುಮಗಳ ಮನೆಯಲ್ಲಿರುವಂತೆ ಪಿಂಗಾಣಿ ತುಂಬಿಟ್ಟಿದ್ದೇನೆ, ಮುಟ್ಟುವವರಿಲ್ಲ. ನಾವು ಚಹಾ ಕುಡಿಯುವುದು ಮಾತ್ರ ಜಾಮ್ ಬಾಟಲಿಯಲ್ಲಿ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಅರ್ಜಿಯಲ್ಲಿ ಮೊದಲು ಹೆಸರು, ಆಮೇಲೆ ಹುಟ್ಟಿದ ತಾರೀಖು, ಮೂರನೆಯ ಸಾಲು ವಿಶ್ವವಿದ್ಯಾಲಯ. ನನ್ನ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ನನ್ನ ಮೇಜಿನ ಗಾಜಿನ ಕೆಳಗೆ ಉಸ್ತಾಜ್ ಫಿಕ್ರಿ ಒಂದು ಚೀಟಿ ಇಟ್ಟಿದ್ದಾರೆ, ಅದರಲ್ಲಿ ಐದು ಹೆಸರುಗಳಿವೆ. ನಾನು ಓದಿದ್ದೇ ಮೊದಲನೆಯದು. ಆ ಐದಾದರೆ ಮೇಲಿನ ಡ್ರಾಯರು. ಉಳಿದವು ಕೆಳಗೆ. ಕೆಳಗಿನವನ್ನು ಯಾರೂ ನೋಡುವುದಿಲ್ಲ ಕಣೇ, ವರ್ಷದ ಕೊನೆಗೆ ರದ್ದಿಗೆ ಹೋಗುತ್ತವೆ. ಎಷ್ಟೊಂದು ಬರುತ್ತವೆ ಗೊತ್ತೇ, ಎಲ್ಲ ಓದುತ್ತ ಕೂತರೆ ಆಯಿತು ಕತೆ.

ಆದರೆ ನೀನು ಹೆದರಬೇಕಾಗಿಲ್ಲ, ನೀನು ನನ್ನವಳು. ಇನ್ನೂ ಸುಲಭದ ದಾರಿಯೊಂದಿದೆ. ಮುರಾದ್‌ನ ಚಿಕ್ಕಪ್ಪ ನಮ್ಮ ಕಂಪನಿಯ ನಿರ್ದೇಶಕರಲ್ಲೊಬ್ಬರು. ರಾತ್ರಿ ಊಟದ ಹೊತ್ತಿಗೆ ಕೇಳಿದೆ. ಮುರಾದ್ ಹೇಳಿದ, “ಒಂದು ಫೋನ್ ಸಾಕು. ಚಿಕ್ಕಪ್ಪಂಗೆ ಸ್ವಲ್ಪ ಬಕ್ಲಾವ ಸ್ವೀಟ್ ತಗೊಂಡ್ ಹೋಗು, ಮಿಕ್ಕಿದ್ದು ಅವರೇ ನೋಡ್ಕೋತಾರೆ.” ಹೂಂ ಅನ್ನು, ನಾಳೆಯೇ ಹೋಗುತ್ತೇನೆ.

ಮುತ್ತುಗಳೊಂದಿಗೆ,
ನಿವೀನ್

~

ಕೆನಾ
4 ಸೆಪ್ಟೆಂಬರ್ 1999

ನಿವೀನ್,

ನನಗೆ ನಿನ್ನ ಮದುವೆಯ ಮೇಲೆ ಹೊಟ್ಟೆಕಿಚ್ಚಿಲ್ಲ. ನೀನು ಗಂಡನ ವಿಷಯ ನಾಲ್ಕು ಪುಟ ಬರೆ, ಓದುತ್ತೇನೆ.

ನಿಮ್ಮ ಕಂಪನಿಗೆ ನಾನು ಅರ್ಜಿ ಹಾಕಿದ್ದೇನೆ. ಒಂದು ಸಲವಲ್ಲ, ಎರಡು ಸಲ. ಮೊದಲನೆಯದು ಫೆಬ್ರವರಿ ಹದಿನಾಲ್ಕು, ಎರಡನೆಯದು ಮೇ ಮೂರು, ಎರಡೂ ರಿಜಿಸ್ಟರ್ಡ್ ಅಂಚೆ, ರಸೀದಿ ನನ್ನ ಹತ್ತಿರವಿದೆ. ನೀನು ಅಲ್ಲಿ ಜನವರಿಯಿಂದ ಇದ್ದೀಯ. ನಿನಗೆ ಮೊದಲೇ ಹೇಳಲಿಲ್ಲ, ಯಾಕೆಂದರೆ ನಿನ್ನ ಹೆಸರಿಲ್ಲದೆ ಸಿಗುತ್ತದೋ ನೋಡಬೇಕಿತ್ತು. ನಿನ್ನ ಮೊದಲ ಪತ್ರ ಬಂದ ದಿನ ಗೊತ್ತಾಯಿತು. ನಾನು ತಿಂಗಳು ಸುಮ್ಮನಿದ್ದದ್ದು ಅದಕ್ಕೆ. ಸಿಟ್ಟಿನಲ್ಲಿ ಬರೆಯಬಾರದು ಎಂದು ಅಪ್ಪ ಹೇಳುತ್ತಾರೆ. ತಿಂಗಳು ಕಾದೆ, ಸಿಟ್ಟು ಇಳಿಯಲಿಲ್ಲ. ಈಗ ಬರೆಯುತ್ತಿದ್ದೇನೆ.

ನಾನು ಒಟ್ಟು ಹದಿನೇಳು ಕಡೆಗೆ ಬರೆದಿದ್ದೇನೆ. ಒಬ್ಬರಾದರೂ “ನಿನಗೆ ಬರುವುದಿಲ್ಲ, ನೀನು ಬೇಡ” ಎಂದಿದ್ದರೆ ಒಪ್ಪುತ್ತಿದ್ದೆ. ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಲೇ ಇಲ್ಲ. ನಾಲ್ಕು ವರ್ಷ ನಾನು ಓದಿದ್ದು ನಿನ್ನ ಕಣ್ಣಿಗೆ ಒಂದು ಸಾಲು. ಆ ಸಾಲಿನ ಕೆಳಗೆ ಬರೆದದ್ದನ್ನು ನೀನು ಓದಿಯೇ ಇಲ್ಲ. ಹೋಗಲಿ, ಮೊದಲನೆಯ ಸಾಲಿನಲ್ಲಿ ನನ್ನ ಹೆಸರಿತ್ತು.

ನೀನು ಚಿಕ್ಕಪ್ಪನಿಗೆ ಫೋನ್ ಮಾಡಿಸಿದರೆ, ನಾನು ರೈಲು ಹತ್ತಿ ಬರುವುದು ಕೆಲಸಕ್ಕಲ್ಲ, ನಿನ್ನ ಗಾಜಿನ ಬೀರು ಒಡೆಯುವುದಕ್ಕೆ. ದಕ್ಷಿಣದ ಕಡೆಯ ನಮ್ಮಂಥ ಸಈದಿಗಳ ತಲೆ ಗಟ್ಟಿ ಎಂದು ಕೈರೋದವರು ನಗುತ್ತೀರಲ್ಲ, ನಕ್ಕುಬಿಡು. ಫೋನಿನಿಂದ ಸಿಗುವ ಕೆಲಸ ಇಲ್ಲೇ ಒಂದಿದೆ, ಅದಕ್ಕೆ ಕೈರೋ ತನಕ ಯಾಕೆ ಬರಲಿ?

ನಿನಗೆ ನಿಜವಾಗಿ ಏನಾದರೂ ಮಾಡುವ ಮನಸ್ಸಿದ್ದರೆ ಕೇಳು. ಪ್ರತಿ ಬೇಸಿಗೆಯಲ್ಲಿ ನನ್ನಪ್ಪ ಮಾಡುವ ಕೆಲಸ ನಿನಗೆ ಗೊತ್ತು. ಮಾಧ್ಯಮಿಕ ಪರೀಕ್ಷೆಯ ಕಂಟ್ರೋಲ್ ಕೋಣೆ. ಉತ್ತರಪತ್ರಿಕೆಯ ಮೇಲೆ ಹೆಸರು, ಶಾಲೆ, ಊರು ಇರುವ ಮೂಲೆಯನ್ನು ಮಡಚಿ ಅಂಟಿಸಿ, ಒಂದು ಗುಪ್ತ ಸಂಖ್ಯೆ ಬರೆಯುತ್ತಾರೆ. ಸಂಖ್ಯೆ ಬರೆದವರು ಅಂಕ ಕೊಡುವುದಿಲ್ಲ, ಅಂಕ ಕೊಡುವವರಿಗೆ ಸಂಖ್ಯೆ ಯಾರದೆಂದು ಗೊತ್ತಿಲ್ಲ. ದೇಶದ ಅಷ್ಟೂ ಮಕ್ಕಳನ್ನು ಹಾಗೆ ಅಳೆಯಬಹುದಾದರೆ ನಿಮ್ಮ ಹಾಲಿನ ಕಾರ್ಖಾನೆಯ ಎರಡು ಕುರ್ಚಿಗೆ ಯಾಕಾಗದು? ಒಂದು ಪರೀಕ್ಷೆ ಇಡಲಿ. ಮೂಲೆ ಮಡಚಲಿ. ನಾನು ಸೋತರೆ ಸಕ್ಕರೆ ಕಾರ್ಖಾನೆಯಲ್ಲಿ ಬೆರಳಚ್ಚು ಮಾಡುತ್ತ ಬಾಯಿ ಮುಚ್ಚಿಕೊಂಡಿರುತ್ತೇನೆ.

ರುಕಯ್ಯ

~

ನಸ್ರ್ ಸಿಟಿ
11 ಸೆಪ್ಟೆಂಬರ್ 1999

ರುಕಯ್ಯ,

ಎರಡೂ ಸಿಕ್ಕವು.

ನಿನ್ನ ಪತ್ರ ಬಂದ ದಿನ ಎಲ್ಲರೂ ಮನೆಗೆ ಹೋಗುವವರೆಗೆ ಕಾದು, ಕೆಳಗಿನ ಡ್ರಾಯರನ್ನು ಪೂರ್ತಿ ಎಳೆದು ನೆಲದ ಮೇಲೆ ಸುರಿದೆ. ಫೆಬ್ರವರಿಯದರ ಮೇಲೆ ನನ್ನ ಕೆಂಪು ಪೆನ್ನಿನ ಗೆರೆ. ಮೇ ತಿಂಗಳಿನದರ ಮೇಲೂ ನನ್ನದೇ ಗೆರೆ. ಬೇರೆ ಯಾರದಾದರೂ ಕೈ ಇರಬಹುದು ಎಂದು ಮೂರು ಸಲ ತಿರುಗಿಸಿ ನೋಡಿದೆ. ನನ್ನದೇ. ನಿನ್ನ ಹೆಸರು ದುಂಡಗೆ ನಾಲ್ಕು ಪದಗಳಲ್ಲಿ ಬರೆದಿತ್ತು, ದೊಡ್ಡಪ್ಪನ ಹೆಸರು, ಅಜ್ಜನ ಹೆಸರು ಎಲ್ಲ. ಮೇ ತಿಂಗಳಲ್ಲಿ ನಾನು ಮದುವೆಯ ಪರದೆಗೆ ಬಟ್ಟೆ ಆರಿಸುತ್ತಿದ್ದೆ. ಆ ಬಟ್ಟೆಯನ್ನು ನಿನ್ನ ಅರ್ಜಿಗಿಂತ ಹೆಚ್ಚು ಹೊತ್ತು ನೋಡಿದ್ದೇನೆ. ನೆಲದ ಮೇಲೆ ಕೂತು ಅತ್ತೆ. ಆಮೇಲೆ ಅಳುವುದು ಬಿಟ್ಟು ಓದಿದೆ. ನಿನ್ನದನ್ನು ಮಾತ್ರವಲ್ಲ, ಪ್ರಯೋಗಾಲಯಕ್ಕೆ ಬಂದ ಅಷ್ಟನ್ನೂ. ಅದರಲ್ಲಿ ಬ್ಯಾಚಿಗೆ ಮೊದಲು ಬಂದವರೇ ನಾಲ್ಕು ಜನ ಇದ್ದರು.

ಮರುದಿನ ಉಸ್ತಾಜ್ ಫಿಕ್ರಿ ಹತ್ತಿರ ಹೋಗಿ ಪರೀಕ್ಷೆಯ ಮಾತೆತ್ತಿದೆ. ಅವರು ಚಹಾ ಕಲಕುತ್ತಿದ್ದರು.

“ಪರೀಕ್ಷೆ ಯಾಕಮ್ಮ? ಆ ವಿಶ್ವವಿದ್ಯಾಲಯದವರು ಆಗಲೇ ಪರೀಕ್ಷೆ ಮಾಡಿ ಸೇರಿಸ್ಕೊಂಡಿರ್ತಾರೆ. ಅವರು ಸೋಸಿದ್ದನ್ನ ನಾವ್ಯಾಕೆ ಮತ್ತೆ ಸೋಸೋಣ?”

“ಅವರು ಸೋಸೋದು ಫೀಸು ಕಟ್ಟೋರನ್ನ, ಉಸ್ತಾಜ್. ನನ್ನನ್ನೇ ನೋಡಿ.”

“ನಿನ್ನನ್ನ ನೋಡಿಯೇ ಹೇಳ್ತಿರೋದು. ಚಿನ್ನದಂಥ ಹುಡುಗಿ. ಹೋಗು, ಮದುವೆ ಗುಂಗು ಇಳೀಲಿ.”

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಎಲ್ಹಾಮ್ ಅಷ್ಟರಲ್ಲಿ ಯಾವುದೋ ಸಹಿಗೆ ಒಳಗೆ ಬಂದರು. ಐವತ್ತು ದಾಟಿದ ಹೆಂಗಸು, ಕೋಟಿಗೆ ಸದಾ ಹುಳಿ ಹಾಲಿನ ವಾಸನೆ. ನಿಂತು ಎಲ್ಲ ಕೇಳಿಸಿಕೊಂಡರು.

“ಹೋದ ಸಲ ನೀವು ಕಳ್ಸಿದ ಹುಡುಗ ಚೆನ್ನಾಗಿ ಇಂಗ್ಲಿಷ್ ಮಾತಾಡ್ತಿದ್ದ ಫಿಕ್ರಿ,” ಅಂದರು. “ಹಾಲು ಮಾತ್ರ ಅವನ ಮಾತು ಕೇಳ್ತಿರಲಿಲ್ಲ. ಪರೀಕ್ಷೆ ಇಡೋಣ. ಪ್ರಶ್ನೆ ನಾನ್ ಮಾಡ್ತೀನಿ.”

ಫಿಕ್ರಿ ಒಪ್ಪಿದರು, ಒಂದು ಷರತ್ತಿನ ಮೇಲೆ: ಮೇಲಿನ ಡ್ರಾಯರಿನ ಎಂಟು ಜನಕ್ಕೆ ಮಾತ್ರ.

ಈಗ ನಾನು ಮಾಡಿದ್ದನ್ನು ಕೇಳು, ಮುರಾದ್‌ಗೂ ಹೇಳಿಲ್ಲ. ಎಂಟು ಕರೆಪತ್ರ ಟೈಪು ಮಾಡಿದೆ. ಅದರ ಜೊತೆಗೆ ಕೆಳಗಿನ ಡ್ರಾಯರಿನಿಂದ ಹನ್ನೊಂದು. ಹತ್ತೊಂಬತ್ತನ್ನೂ ಸಹಿಯ ಕಡತದಲ್ಲಿಟ್ಟು, ಅವರು ತಮ್ಮನ ಜೊತೆ ಫೋನಿನಲ್ಲಿ ಫುಟ್‌ಬಾಲ್ ಮಾತಾಡುವ ಹೊತ್ತು ನೋಡಿ ಮುಂದೆ ಇಟ್ಟೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸಹಿ. ಹತ್ತೊಂಬತ್ತು ಸಹಿ. ಗೋಲು ಯಾರು ಹೊಡೆದರೋ ಅವರಿಗೆ ಒಳ್ಳೆಯದಾಗಲಿ.

ಸೆಪ್ಟೆಂಬರ್ ಇಪ್ಪತ್ತೈದು, ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ. ನಿನ್ನ ಕರೆಪತ್ರ ಇದರ ಜೊತೆಗಿಲ್ಲ, ಎಲ್ಲರ ಹಾಗೆ ಬೇರೆ ಅಂಚೆಯಲ್ಲಿ ಬರುತ್ತದೆ. ನಮ್ಮ ಮನೆಗೆ ಬಾ, ಬೇಡ ಅನ್ನಬೇಡ, ಅತಿಥಿಕೋಣೆಗೆ ಇನ್ನೂ ಯಾರೂ ಕಾಲಿಟ್ಟಿಲ್ಲ.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತಿದೆ. ಬರೆದಿದ್ದೇನೆ ಅಂದುಕೋ.

ನಿವೀನ್

~

ಕೆನಾ
17 ಸೆಪ್ಟೆಂಬರ್ 1999

ನಿವೀನ್,

ಕರೆಪತ್ರ ಬಂತು. ಬರುತ್ತೇನೆ. ನಿಮ್ಮ ಮನೆಗೆ ಬರುವುದಿಲ್ಲ. ಶುಬ್ರಾದಲ್ಲಿ ಅಪ್ಪನ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಇಳಿಯುತ್ತೇನೆ. ಅಲ್ಲಿ ನನ್ನನ್ನು ಕಂಡರೆ ಗುರುತು ತೋರಿಸಬೇಡ, ನಗಲೂ ಬೇಡ. ನಿನಗೆ ಅದು ಕಷ್ಟವೆಂದು ಗೊತ್ತು, ಬೆನ್ನು ತಿರುಗಿಸಿಕೊಂಡು ನಿಂತಿರು.

ಅಪ್ಪ ಹೇಳಿಕಳಿಸಿದ್ದು: ಮೂಲೆ ಮಡಚುವುದೂ ಸಂಖ್ಯೆ ಹಾಕುವುದೂ ನೀನು ಮಾಡಕೂಡದು, ಡಾಕ್ಟರೂ ಮಾಡಕೂಡದು. ಈ ಕೆಲಸದಲ್ಲಿ ಏನೂ ಲಾಭ ನಷ್ಟ ಇಲ್ಲದವರು ಯಾರಾದರೂ ಇದ್ದರೆ ಅವರಿಂದ ಮಾಡಿಸು. ಅಂಟು ಒಣಗುವವರೆಗೆ ಮೇಲೆ ಭಾರ ಇಡಬೇಕು.

ನಿನ್ನ ಹನ್ನೊಂದು ಕರೆಪತ್ರದ ಕತೆಯನ್ನು ಅಪ್ಪನಿಗೆ ಓದಿ ಹೇಳಿದೆ. ಇದು ಶಿಸ್ತಿನ ಉಲ್ಲಂಘನೆ ಎಂದರು. ಆಮೇಲೆ ಒಳಗೆ ಹೋಗಿ ಒಬ್ಬರೇ ನಗುತ್ತಿದ್ದರು.

ರುಕಯ್ಯ

~

ನಸ್ರ್ ಸಿಟಿ
27 ಸೆಪ್ಟೆಂಬರ್ 1999

ರುಕಯ್ಯ, ರುಕಯ್ಯ, ರುಕಯ್ಯ,

ಬೆನ್ನು ತಿರುಗಿಸಿ ನಿಂತಿದ್ದೆ, ನೋಡಿದೆಯಲ್ಲ? ಕುತ್ತಿಗೆ ಇನ್ನೂ ನೋಯುತ್ತಿದೆ. ಬೂದು ಬಣ್ಣದ ತಲೆವಸ್ತ್ರ ನಿನಗೆ ಒಪ್ಪುತ್ತದೆ.

ನೀನು ನೋಡದೇ ಇದ್ದದ್ದನ್ನು ಹೇಳುತ್ತೇನೆ. ಹತ್ತೊಂಬತ್ತು ಜನ ಊಟದ ಕೋಣೆಯಲ್ಲಿ ಕೂತದ್ದನ್ನು ಕಂಡು ಫಿಕ್ರಿ ಬಾಗಿಲಲ್ಲೇ ನಿಂತುಬಿಟ್ಟರು. “ಇವರೆಲ್ಲ ಯಾರು?” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರ್ ಎಲ್ಹಾಮ್, “ನಿಮ್ಮ ಸಹಿ ಇರೋ ಕಾಗದ ಹಿಡ್ಕೊಂಡ್ ಬಂದಿದ್ದಾರೆ. ವಾಪಸ್ ಕಳ್ಸಿ ಬೇಕಾದ್ರೆ, ಎಲ್ರ ರೈಲ್ ಚಾರ್ಜೂ ಕೊಟ್ಟು” ಅಂದರು. ಫಿಕ್ರಿ ಕೆಂಪಗಾಗಿ ಒಳಗೆ ಹೋದರು.

ಮೂಲೆ ಅಂಟಿಸಿದ್ದು ಗೇಟಿನ ಬಖೀತ್ ಮಾಮ. ಮೂವತ್ತು ವರ್ಷದಿಂದ ಗೇಟು ಕಾಯುತ್ತಿರುವ ನೂಬಿಯಾದ ಮುದುಕ. ಅವನು ಸಂಖ್ಯೆಗಳ ಪಟ್ಟಿಯನ್ನು ತನ್ನ ರುಮಾಲಿನೊಳಗೆ ಸುತ್ತಿ ತಲೆಗೆ ಕಟ್ಟಿಕೊಂಡುಬಿಟ್ಟ. ಫಿಕ್ರಿ ಎರಡು ಸಲ ಕೇಳಿಕಳಿಸಿದರು. “ನನ್ನ ತಲೆ ತಗೊಂಡ್ ಹೋಗಿ, ಪಟ್ಟಿ ಅದರ ಜೊತೇಗೇ ಬರುತ್ತೆ” ಅಂದನಂತೆ.

ಡಾಕ್ಟರ್ ಆ ಹಾಲಿನ ಪ್ರಶ್ನೆಯ ಬಗ್ಗೆ ಹೇಳಿ ನಕ್ಕರು. ಎಲ್ಲರ ಮುಂದೆ ಒಂದೊಂದು ಲೋಟ ಹಾಲಿಟ್ಟು, ಇದರಲ್ಲಿ ಏನು ತಪ್ಪಿದೆ, ಹೇಗೆ ತಿಳಿಯುತ್ತೀರಿ ಎಂದು ಕೇಳಿದ್ದರಲ್ಲ. ಹೆಚ್ಚಿನವರು ಯಾವ ಯಾವ ಯಂತ್ರ ಬೇಕು ಎಂದು ಎರಡು ಪುಟ ಬರೆದಿದ್ದಾರೆ. ಇಬ್ಬರು ಮಾತ್ರ ಎದ್ದು ಬಂದು ಅಯೋಡಿನ್ ಬಾಟಲಿ ಕೇಳಿ, ಎರಡು ಹನಿ ಹಾಕಿ, ಹಾಲು ನೀಲಿಯಾದದ್ದನ್ನು ನೋಡಿ “ಗಂಜಿ ಬೆರೆಸಿದ್ದಾರೆ” ಎಂದು ಒಂದು ಸಾಲು ಬರೆದು ಕೂತರು. “ನಮ್ಮ ಕಾಲೇಜಲ್ಲಿ ಯಂತ್ರ ಕೆಟ್ಟು ಮೂರು ವರ್ಷ ಆಗಿತ್ತು, ಕೈಯಲ್ಲೇ ಮಾಡೋದು ಕಲಿತ್ವಿ ಅಂತ ಒಬ್ಬಳು ಹೇಳಿದ್ಲು” ಅಂದರು ಡಾಕ್ಟರ್. ಆ ಒಬ್ಬಳು ಯಾರೆಂದು ನಾನು ಕೇಳಲಿಲ್ಲ.

ನಿನ್ನೆ ಸಂಜೆ ಮೂಲೆ ಬಿಚ್ಚಿದೆವು. ಮೊದಲನೆಯದು ಹದಿನಾಲ್ಕನೆಯ ಸಂಖ್ಯೆ: ಮನ್ಸೂರಾ ಕಡೆಯ ಹಳ್ಳಿಯ ಶಹಾತ ಎಂಬ ಹುಡುಗ. ಕೆಳಗಿನ ಡ್ರಾಯರು. ಎರಡನೆಯದು ಆರನೆಯ ಸಂಖ್ಯೆ. ಬಖೀತ್ ಮಾಮ ಅಂಟಿಗೆ ಬಿಸಿನೀರಿನ ಬಟ್ಟೆ ಒತ್ತಿ ನಿಧಾನಕ್ಕೆ ಬಿಡಿಸಿದ, ಒಂದೊಂದು ಅಕ್ಷರವಾಗಿ ನೀನು ಹೊರಗೆ ಬಂದೆ. ನಾನು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡೆ. ಮೂರನೆಯವಳು ಇಂಜಿ ಅಂತ, ನನ್ನದೇ ವಿಶ್ವವಿದ್ಯಾಲಯದವಳು.

ಕೆಲಸ ನಿನ್ನದು. ಶಹಾತನಿಗೂ ನಿನಗೂ, ಇಬ್ಬರಿಗೂ ಸಿಕ್ಕಿತು. ಒಂದು ಸಣ್ಣ ವಿಷಯವಿದೆ. ನಿಮ್ಮಿಬ್ಬರನ್ನು ಒಂದು ವರ್ಷ ಪ್ರಯೋಗಾಲಯ ಸಹಾಯಕರೆಂದು ತೆಗೆದುಕೊಂಡು, ರಸಾಯನಜ್ಞರ ಎರಡು ಹುದ್ದೆಗಳಲ್ಲಿ ಒಂದನ್ನು ಇಂಜಿಗೆ ಕೊಟ್ಟು, ಇನ್ನೊಂದನ್ನು ಸದ್ಯಕ್ಕೆ ಖಾಲಿ ಇಡುತ್ತಾರಂತೆ. ಕಂಪನಿಗೆ ಬರುವ ವಿದೇಶಿ ಗಿರಾಕಿಗಳಿಗೆ ತೋರಿಸಲು ಒಂದು ಒಳ್ಳೆಯ ವಿಶ್ವವಿದ್ಯಾಲಯದ ಹೆಸರು ಬೇಕು ಎಂದರು ಫಿಕ್ರಿ. ಒಂದು ವರ್ಷ ತಾನೇ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಳೆಯುತ್ತದೆ. ಬಾಗಿಲು ತೆರೆಯಿತಲ್ಲ, ಅದು ಮುಖ್ಯ. ಕರಾರುಪತ್ರ ನಾಳೆ ಅಂಚೆಗೆ ಬೀಳುತ್ತದೆ. ಸಕ್ಕರೆ ಕಾರ್ಖಾನೆಗೆ ಇಲ್ಲವೆಂದು ತಕ್ಷಣ ಹೇಳಿಬಿಡು.

ನಾನು ಮನೆಯಲ್ಲಿ ಖುಷಿಗೆ ನಾಲಿಗೆ ಹೊರಳಿಸಿ ಜಗರೂತದ ಕೂಗು ಹಾಕಿದ್ದು ಕೇಳಿ ಪಕ್ಕದ ಮನೆಯವರು ಬಸಿರಾದೆನೇನೋ ಎಂದುಕೊಂಡು ಶರಬತ್ತು ತಂದರು.

ನಿನ್ನ,
ನಿವೀನ್

~

ಕೆನಾ
3 ಅಕ್ಟೋಬರ್ 1999

ನಿವೀನ್,

ಕರಾರುಪತ್ರ ಬಂತು. ಸಹಿ ಹಾಕದೆ ಹಿಂದಕ್ಕೆ ಕಳಿಸಿದ್ದೇನೆ.

ಸಕ್ಕರೆ ಕಾರ್ಖಾನೆಗೆ ಇಲ್ಲವೆಂದು ಹೇಳಿದ್ದು ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ, ನಿನ್ನ ಪತ್ರ ಕೈಗೆ ಸಿಗುವ ಮೊದಲೇ. ಪರೀಕ್ಷೆಯಿಂದ ಹೊರಗೆ ಬಂದಾಗಲೇ ನನಗೆ ಗೊತ್ತಿತ್ತು, ನಾನು ಚೆನ್ನಾಗಿ ಬರೆದಿದ್ದೇನೆ. ಅದು ಗೊತ್ತಾದ ಮೇಲೆ ಬೆರಳಚ್ಚಿನ ಯಂತ್ರದ ಮುಂದೆ ಕೂರಲು ಆಗಲಿಲ್ಲ. ಅಮ್ಮ ಎರಡು ದಿನ ಮಾತು ಬಿಟ್ಟಳು. “ಕೈಯಲ್ಲಿದ್ದ ರೊಟ್ಟಿ ಎಸ್ದು ಗಾಳಿಗೆ ಬಾಯಿ ಬಿಡ್ತೀಯ” ಅಂದಳು. ಹಾಗಾಗಿ ಈಗ ನನ್ನ ಕೈಯಲ್ಲಿ ಏನೂ ಇಲ್ಲ. ಇದನ್ನು ತಿಳಿದುಕೊಂಡೇ ಮುಂದಿನದನ್ನು ಓದು.

ಎರಡನೆಯವಳು ಸೀಸೆ ತೊಳೆದು ಮೂರನೆಯವಳಿಗೆ ಕೊಡಬೇಕು, ಅಲ್ಲವೇ? ಮೂಲೆ ಮಡಚಿದ್ದು ಯಾಕೆ ಹಾಗಾದರೆ? ಮಡಚಿದಷ್ಟು ಹೊತ್ತು ನಾನು ಎರಡನೆಯವಳು, ಬಿಚ್ಚಿದ ತಕ್ಷಣ ಸಹಾಯಕಿ. ನೀನು ಇದನ್ನು ಸಣ್ಣ ವಿಷಯ ಎಂದು ಬರೆದಿದ್ದೀಯ. ನಿನ್ನ ಮೇಲೆ ಸಿಟ್ಟಿಲ್ಲ, ನಿಜವಾಗಿ ನಿನಗೆ ಸಣ್ಣದಾಗಿಯೇ ಕಂಡಿದೆ. ಸೇರುವ ದಿನ ನನ್ನನ್ನು ಎಲ್ಲಿ ನಿಲ್ಲಿಸುತ್ತಾರೋ ಹತ್ತು ವರ್ಷವಾದರೂ ಅಲ್ಲೇ ನಿಲ್ಲಿಸುತ್ತಾರೆ. ಪ್ರತಿ ವರ್ಷ ಒಂದು ವರ್ಷ ತಾನೇ ಅನ್ನುತ್ತಾರೆ.

ಶಹಾತನ ವಿಳಾಸವನ್ನು ಪರೀಕ್ಷೆಯ ದಿನವೇ ತೆಗೆದುಕೊಂಡಿದ್ದೆ. ಅವನಿಗೆ ತಂತಿ ಕಳಿಸಿದೆ. ಅವನಿಗೆ ನನಗಿಂತ ಕಷ್ಟವಿದೆ, ಅವನ ಸೈನಿಕ ಸೇವೆ ಮುಗಿದು ವರ್ಷವಾದರೂ ಕೆಲಸವಿಲ್ಲ, ಮನೆಯಲ್ಲಿ ಎಂಟು ಜನ. ಆದರೂ ಉತ್ತರ ಕೊಟ್ಟ: “ನಾನೂ ಸಹಿ ಹಾಕಿಲ್ಲ.” ಇಬ್ಬರೂ ಡಾಕ್ಟರ್ ಎಲ್ಹಾಮ್‌ಗೆ ಪತ್ರ ಬರೆದಿದ್ದೇವೆ: ಅಂಕದ ಪ್ರಕಾರ ಹುದ್ದೆ ಕೊಡಿ, ಇಲ್ಲದಿದ್ದರೆ ನಮಗಿಂತ ಹೆಚ್ಚು ಅಂಕ ತೆಗೆದವರಿಗೆ ಕೊಡಿ.

ನೀನು ಇನ್ನು ಏನೂ ಮಾಡಬೇಡ. ನಿನ್ನ ಕೆಲಸಕ್ಕೆ ಕುತ್ತು ಬರುತ್ತದೆ. ಮಾಡಿದ್ದೇ ಸಾಕಷ್ಟಾಯಿತು.

ರುಕಯ್ಯ

~

ನಸ್ರ್ ಸಿಟಿ
14 ಅಕ್ಟೋಬರ್ 1999

ರುಕಯ್ಯ,

ಏನೂ ಮಾಡಬೇಡ ಎಂದೆ. ಆದರೆ ನಿನ್ನ ಪತ್ರವನ್ನು ಬಸ್ಸಿನಲ್ಲಿ ಎರಡು ಸಲ ಓದಿದೆ, ಎರಡನೆಯ ಸಲ ನನ್ನ ಸ್ಟಾಪು ದಾಟಿಹೋಯಿತು. ಹಿಂದಕ್ಕೆ ನಡೆದು ಬರುವಾಗ ಹೊಳೆಯಿತು. ಪರೀಕ್ಷೆ ಮಾಡಿದೆವು, ಮೂಲೆ ಮಡಚಿದೆವು, ಅಂಕ ಕೊಟ್ಟೆವು, ಒಂದನ್ನು ಮರೆತೆವು. ಶಾಲೆಯ ಗೋಡೆಗೆ ಫಲಿತಾಂಶ ಅಂಟಿಸದೆ ಯಾವ ಪರೀಕ್ಷೆ ಮುಗಿದಿದೆ?

ಡಾಕ್ಟರ್ ಎಲ್ಹಾಮ್ ಸಹಿ ಮಾಡಿದ ಅಂಕಪಟ್ಟಿಯ ಪ್ರತಿ ನನ್ನ ಹತ್ತಿರವಿತ್ತು. ದೊಡ್ಡ ಹಾಳೆಯ ಮೇಲೆ ಮತ್ತೆ ಬರೆದೆ: ಹತ್ತೊಂಬತ್ತು ಹೆಸರು, ಅಂಕ, ಓದಿದ ವಿಶ್ವವಿದ್ಯಾಲಯ, ಕೊನೆಯಲ್ಲಿ ಕೊಟ್ಟ ಹುದ್ದೆ. ಭಾನುವಾರ ಬೆಳಿಗ್ಗೆ ಏಳಕ್ಕೆ, ಶಿಫ್ಟು ಬದಲಾಗುವ ಹೊತ್ತಿಗೆ, ಕಾರ್ಖಾನೆಯ ಗೇಟಿಗೆ ಅಂಟಿಸಿದೆ. ಬಖೀತ್ ಮಾಮ ಅಂಟು ಕೊಟ್ಟ. ಮುನ್ನೂರು ಜನ ಒಳಗೆ ಹೋಗುವವರು, ಮುನ್ನೂರು ಜನ ಹೊರಗೆ ಬರುವವರು. ಎಲ್ಲರ ಮನೆಯಲ್ಲೂ ಓದುತ್ತಿರುವ ಮಗನೋ ಮಗಳೋ ಇದ್ದಾರೆ, ಎಲ್ಲರೂ ಕೆಳಗಿನ ಡ್ರಾಯರಿನವರೇ. ಬಾಟಲಿ ತುಂಬುವ ವಿಭಾಗದ ಒಬ್ಬ ಹೆಂಗಸು ಬೆರಳಿಟ್ಟು ಓದಿ, “ಎರಡ್ನೇ ನಂಬರ್ ಹುಡುಗಿ ಸಹಾಯಕಿ, ಮೂರ್ನೇ ನಂಬರ್ ದೊಡ್ಡೋಳು. ಇವ್ರಿಗೆ ಎಣ್ಸೋಕೆ ಕಲಿಸ್ದೋರ್ಯಾರು?” ಅಂದಳು. ಜನ ನಕ್ಕರು. ಆ ನಗು ಗೇಟಿನಿಂದ ಶುರುವಾಗಿ ಒಳಗಿನ ಶೆಡ್ಡಿನವರೆಗೂ ಹೋಯಿತು.

ಫಿಕ್ರಿ ಬಂದು ಹರಿದರು. ಅಷ್ಟರಲ್ಲಿ ಯಾರೋ ಅದನ್ನು ಬರೆದುಕೊಂಡು ಊಟದ ಕೋಣೆಯಲ್ಲೂ ಹಾಕಿದ್ದರು. ಮಧ್ಯಾಹ್ನ ದೊಡ್ಡ ನಿರ್ದೇಶಕರು ಫಿಕ್ರಿಯನ್ನೂ ಡಾಕ್ಟರ್ ಎಲ್ಹಾಮ್‌ರನ್ನೂ ಕರೆಸಿದರು. ಡಾಕ್ಟರ್ ನಿಮ್ಮಿಬ್ಬರ ಪತ್ರವನ್ನು ಅವರ ಮುಂದಿಟ್ಟು, “ಪಟ್ಟಿ ಮೇಲೆ ನನ್ನ ಸಹಿ ಇದೆ. ಪಟ್ಟಿ ಸುಳ್ಳಾದ್ರೆ ನನ್ನನ್ನ ತೆಗೀರಿ, ನಿಜ ಆದ್ರೆ ಕರಾರು ತಿದ್ದಿ” ಎಂದರಂತೆ. ಇಂಜಿಯನ್ನೂ ಕೇಳಿದರಂತೆ. “ನಾನು ಮೂರನೆಯವಳು ಅಂತ ನಂಗ್ಯಾರೂ ಹೇಳೇ ಇರಲಿಲ್ಲ” ಎಂದು ಅವಳು ಸಿಟ್ಟು ಮಾಡಿಕೊಂಡು ಹೋದಳಂತೆ. ಪಾಪ, ಅವಳದೇನು ತಪ್ಪು.

ಹೊಸ ಕರಾರುಪತ್ರ ನಿನ್ನೆ ಹೊರಟಿತು. ರಸಾಯನಜ್ಞೆ ರುಕಯ್ಯ. ರಸಾಯನಜ್ಞ ಶಹಾತ. ನವೆಂಬರ್ ಒಂದಕ್ಕೆ ಹಾಜರಾಗಬೇಕು. ನಾನೇ ಟೈಪು ಮಾಡಿದೆ, ತಪ್ಪಾಗಬಾರದೆಂದು ಅಕ್ಷರ ಅಕ್ಷರ ಎಣಿಸಿ.

ಅದು ನನ್ನ ಕೊನೆಯ ಟೈಪು ಎನ್ನು. ನಾನು ಕೆಲಸ ಬಿಟ್ಟೆ. ಹೊಸ ಸಂಸಾರ, ದಿನಾ ಎರಡು ಬಸ್ಸು ಬದಲಾಯಿಸಿ ಸಾಕಾಗಿತ್ತು. ಮುರಾದ್ ಮನೆಗೆ ಬಂದಾಗ ನಾನಿರಬೇಕು ಎಂದು ಅವನಿಗೂ ಆಸೆ. ದ್ರಾಕ್ಷಿ ಎಲೆ ಸುತ್ತುವುದು ಕಲಿಯುತ್ತಿದ್ದೇನೆ, ನನ್ನದು ಹೆಬ್ಬೆರಳಿನಷ್ಟು ದಪ್ಪ ಬರುತ್ತದೆ, ಮುರಾದ್ ಒಂದೊಂದಕ್ಕೂ ಹೆಸರಿಟ್ಟು ತಿನ್ನುತ್ತಾನೆ. ತುಂಬ ಸುಖವಾಗಿದ್ದೇನೆ.

ನಿವೀನ್

~

ಶುಬ್ರಾ, ಕೈರೋ
5 ನವೆಂಬರ್ 1999

ನಿವೀನ್,

ಒಂದೇ ಊರಿನಲ್ಲಿದ್ದೂ ಪತ್ರ ಬರೆಯುತ್ತಿದ್ದೇನೆ. ಎದುರು ಬಂದು ಕೂತರೆ ನೀನು ಮಾತು ತೇಲಿಸಿ, ತಿನ್ನಲು ಕೊಟ್ಟು, ವಿಷಯ ಮರೆಸುತ್ತೀಯ.

ಇವತ್ತು ಶುಕ್ರವಾರ, ರಜೆ. ಮೊದಲ ವಾರ ಮುಗಿಯಿತು. ಬಿಳಿ ಕೋಟು ಕೊಟ್ಟರು, ತೋಳು ಉದ್ದವಿತ್ತು, ಮಡಚಿಕೊಂಡೆ. ಮಂಗಳವಾರ ಹುಳಿಯಾಗಿದ್ದ ಒಂದು ಟ್ಯಾಂಕರ್ ಹಾಲನ್ನು ವಾಪಸು ಕಳಿಸಿದೆ. ಚಾಲಕ ನನ್ನ ಮಾತಿನ ಧಾಟಿ ಕೇಳಿ, “ಸಈದಿ ಅಮ್ಮ, ಹಾಲು ಕಂಡಿದ್ದೀಯಾ?” ಎಂದ. ಕಂಡಿದ್ದೇನೆ, ಇದು ಅದಲ್ಲ ಎಂದೆ. ಶಹಾತ ನಕ್ಕು ಸೀಸೆಯೊಂದನ್ನು ಒಡೆದ.

ನಿನ್ನನ್ನು ಕೆಲಸದಿಂದ ತೆಗೆದರು. ಕಂಪನಿಯ ಕಾಗದವನ್ನು ಅನುಮತಿಯಿಲ್ಲದೆ ಗೇಟಿಗೆ ಅಂಟಿಸಿದ್ದಕ್ಕೆ, ಅದೇ ಮಧ್ಯಾಹ್ನ. ನನ್ನ ಕರಾರು ಟೈಪು ಮಾಡಲು ಎರಡು ದಿನ ಇರಲು ಬಿಡಿ ಎಂದು ನೀನು ಬೇಡಿಕೊಂಡೆಯಂತೆ. ಡಾಕ್ಟರ್ ಎಲ್ಹಾಮ್ ಮೊದಲ ದಿನವೇ ಹೇಳಿದರು, ನನಗೆ ಗೊತ್ತಿದೆ ಎಂದುಕೊಂಡಿದ್ದರು. ಮುರಾದ್‌ನ ಚಿಕ್ಕಪ್ಪ ಫೋನ್ ಮಾಡುತ್ತೇನೆ ಎಂದಾಗ ನೀನೇ ಬೇಡ ಎಂದೆಯಂತೆ. ಅದನ್ನು ನಿನ್ನಮ್ಮ ನನ್ನಮ್ಮನಿಗೆ ಅಳುತ್ತ ಹೇಳಿದ್ದು. ನಿನ್ನ ದ್ರಾಕ್ಷಿ ಎಲೆಯ ಮಾತು ಓದಿ ನಾನು ನಂಬಿಬಿಟ್ಟಿದ್ದೆ.

ನೀನು ನನ್ನ ಅರ್ಜಿಯ ಮೇಲೆ ಎಳೆದ ಎರಡು ಗೆರೆಗಳನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಗೇಟಿಗೆ ಅಂಟಿಸಿದ ಆ ಹಾಳೆಯನ್ನೂ ಮರೆಯುವುದಿಲ್ಲ. ಒಂದಕ್ಕೊಂದು ವಜಾ ಎಂದು ನಾನು ಹೇಳುವುದಿಲ್ಲ. ಎರಡೂ ಇರಲಿ.

ಈಗ ಕೇಳು. ಮುನ್ನೂರು ಜನ ನಕ್ಕ ಮೇಲೆ ಫಿಕ್ರಿಗೆ ಬೇರೆ ದಾರಿ ಉಳಿದಿಲ್ಲ, ಇನ್ನು ಎಲ್ಲ ಹುದ್ದೆಗೂ ಗುಪ್ತ ಸಂಖ್ಯೆಯ ಪರೀಕ್ಷೆ. ಖರೀದಿ ವಿಭಾಗದಲ್ಲಿ ಒಂದು ಜಾಗವಿದೆ, ನೀನು ಓದಿದ ವಿಷಯವೇ. ಕೆಲಸ ಕಳೆದುಕೊಂಡವಳು ಬರೆಯಬಹುದೇ ಎಂದು ಕೇಳಿದೆ. “ಮೂಲೆ ಮಡಚಿದ್ ಮೇಲೆ ಯಾರು ಯಾರನ್ನ ತೆಗೆದಿದ್ರು ಅಂತ ನಂಗೆ ಹೇಗ್ ಗೊತ್ತಾಗ್ಬೇಕು?” ಎಂದರು ಡಾಕ್ಟರ್. ನವೆಂಬರ್ ಇಪ್ಪತ್ತು, ಬೆಳಿಗ್ಗೆ ಒಂಬತ್ತು.

ನಾನು ನಿನ್ನ ಪರವಾಗಿ ಯಾರಿಗೂ ಒಂದು ಮಾತೂ ಹೇಳುವುದಿಲ್ಲ. ಮೂವತ್ತೊಂದು ಜನ ಆಗಲೇ ಹೆಸರು ಕೊಟ್ಟಿದ್ದಾರೆ. ನೀನು ಹುಟ್ಟಿದಾಗಿನಿಂದ ಕೆಲಸಕ್ಕೆಂದು ಒಂದು ಪರೀಕ್ಷೆಯನ್ನೂ ಬರೆದವಳಲ್ಲ, ನಿನಗೆ ಏನು ಬರುತ್ತದೆ ಎಂದು ನಿನಗೇ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಸೋಲಬಹುದು. ಸೋತರೆ ಕಾರಣ ನಿನ್ನದೇ ಆಗಿರುತ್ತದೆ, ಗೆದ್ದರೂ ನಿನ್ನದೇ.

ಮುರಾದ್‌ಗೆ ಹದಿನೈದು ದಿನ ಹೊರಗೆ ಊಟ ಮಾಡಲು ಹೇಳು. ಕೂತು ಓದು.

ರುಕಯ್ಯ